ತಾನೇ ನಡೆಯುವ ಅಂತರ್ಜಾಲ ರೇಡಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಕ್ತ ತಂತ್ರಾಂಶ ಬಳಸಿ ಅಂತರ್ಜಾಲ ರೇಡಿಯೊ ಶುರು ಮಾಡಲು ಹೊರಟವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸುಲಭವಾದವನ್ನು ಮೊದಲು, ತೊಡಕಿನವನ್ನು ಆಮೇಲೆ ಇಟ್ಟಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಎಲ್ಲದರಲ್ಲೂ ನನ್ನದೊಂದು ಹಟ ಇಣುಕುತ್ತದೆ: ರೇಡಿಯೊ ಯಾವ ಕಾರಣಕ್ಕೂ ಸುಮ್ಮನಾಗಬಾರದು. ಚಂದದ ಜಾಲತಾಣ, ದುಬಾರಿ ಮೈಕ್ ಎಲ್ಲವೂ ಅದರ ನಂತರದ ಮಾತು.

## ಶುರು ಮಾಡುವ ಮೊದಲು

ಅಂತರ್ಜಾಲ ರೇಡಿಯೊ ನಡೆಸಲು ನಿಜಕ್ಕೂ ಏನೇನು ಬೇಕು?

ಮೂರು ಕೆಲಸ ಆಗಬೇಕು. ಮುಂದಿನ ಹಾಡು ಯಾವುದೆಂದು ತೀರ್ಮಾನಿಸಿ ನುಡಿಸಬೇಕು. ಹೊರಟ ಧ್ವನಿಯನ್ನು ಎಂಪಿ3ಯಂಥ ರೂಪಕ್ಕೆ ಕುಗ್ಗಿಸಬೇಕು (ಇದೇ ಎನ್‌ಕೋಡ್ ಮಾಡುವುದು). ಅದನ್ನು ಕೇಳುಗರಿಗೆಲ್ಲ ಹಂಚಬೇಕು. ಮುಕ್ತ ತಂತ್ರಾಂಶಗಳ ಲೋಕದಲ್ಲಿ ಮೊದಲೆರಡನ್ನು ಸಾಮಾನ್ಯವಾಗಿ ಲಿಕ್ವಿಡ್‌ಸೋಪ್ ಮಾಡುತ್ತದೆ, ಹಂಚುವ ಕೆಲಸವನ್ನು ಐಸ್‌ಕಾಸ್ಟ್ ನೋಡಿಕೊಳ್ಳುತ್ತದೆ. ಇವೆರಡರ ಮೇಲೆ ಗುಂಡಿ, ಪಟ್ಟಿ, ಕ್ಯಾಲೆಂಡರುಗಳಿರುವ ಒಂದು ನಿಯಂತ್ರಣ ಪುಟ ಬೇಕೆಂದರೆ ಅಜುರಾಕಾಸ್ಟ್‌ನಂಥದ್ದು ಬರುತ್ತದೆ. ಈ ಮೂರು ಪದರಗಳನ್ನು ಮನಸ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಮುಂದೆ ಏನೇ ಕೆಟ್ಟರೂ ಯಾವ ಪದರದಲ್ಲಿ ಕೆಟ್ಟಿತು ಎಂದು ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ.

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲೇ ನಡೆಸಬಹುದೇ, ಸರ್ವರ್ ಬಾಡಿಗೆಗೆ ಪಡೆಯಲೇಬೇಕೇ?

ಕಲಿಯಲು ಹಳೆಯ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಹಾಡು ನುಡಿಸಿ ಎನ್‌ಕೋಡ್ ಮಾಡುವುದು ಪ್ರೊಸೆಸರಿಗೆ ದೊಡ್ಡ ಹೊರೆಯಲ್ಲ. ತೊಂದರೆ ಇರುವುದು ಮನೆಯ ಸಂಪರ್ಕದಲ್ಲಿ. ವಿದ್ಯುತ್ ಹೋಗುತ್ತದೆ, ಐಪಿ ವಿಳಾಸ ಬದಲಾಗುತ್ತದೆ, ಅಪ್‌ಲೋಡ್ ವೇಗ ಕಡಿಮೆ ಇರುತ್ತದೆ. ಕೆಲವು ಸಂಪರ್ಕಗಳಲ್ಲಿ ನೂರಾರು ಮನೆಗಳು ಒಂದೇ ಐಪಿಯನ್ನು ಹಂಚಿಕೊಂಡಿರುತ್ತವೆ. ಅಂಥಲ್ಲಿ ಹೊರಗಿನವರು ನಿಮ್ಮ ಯಂತ್ರವನ್ನು ನೇರವಾಗಿ ತಲುಪುವುದೇ ಸಾಧ್ಯವಿಲ್ಲ. ಬೇರೆಯವರು ಕೇಳಲಿ ಎಂದು ನಡೆಸುವ ರೇಡಿಯೊಗೆ ಒಂದು ಸಣ್ಣ ಬಾಡಿಗೆ ಸರ್ವರೇ ಸರಿ. ಅಜುರಾಕಾಸ್ಟ್ ಹಾಕುವುದಾದರೆ 2 ಜಿಬಿ ಮೆಮೊರಿಗಿಂತ ಕಡಿಮೆ ಬೇಡ, 4 ಜಿಬಿ ಇದ್ದರೆ ನೆಮ್ಮದಿ. ಬರೀ ಲಿಕ್ವಿಡ್‌ಸೋಪ್ ಮತ್ತು ಐಸ್‌ಕಾಸ್ಟ್ ಆದರೆ ಇನ್ನೂ ಕಡಿಮೆಯಲ್ಲಿ ಆಗುತ್ತದೆ.

ಎಷ್ಟು ಡೇಟಾ ಖರ್ಚಾಗುತ್ತದೆ? ಲೆಕ್ಕ ಹಾಕುವುದು ಹೇಗೆ?

ಪ್ರತಿ ಕೇಳುಗರಿಗೂ ಒಂದೊಂದು ಪ್ರತ್ಯೇಕ ಧಾರೆ (ಸ್ಟ್ರೀಮ್) ಹೋಗುತ್ತದೆ ಎಂಬುದು ಇಡೀ ಲೆಕ್ಕದ ಬುಡ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್; ಈ ವೇಗವೇ ಬಿಟ್‌ರೇಟ್) ಎಂದರೆ ಸೆಕೆಂಡಿಗೆ 16 ಕಿಲೋಬೈಟ್, ಗಂಟೆಗೆ ಸುಮಾರು 58 ಎಂಬಿ. ಒಬ್ಬರು ಇಡೀ ದಿನ ಕೇಳಿದರೆ 1.4 ಜಿಬಿಯ ಹತ್ತಿರ. ದಿನದ ಯಾವ ಹೊತ್ತಿಗೆ ನೋಡಿದರೂ ಸರಾಸರಿ 50 ಮಂದಿ ಕೇಳುತ್ತಿದ್ದಾರೆ ಎಂದಿಟ್ಟುಕೊಂಡರೆ ತಿಂಗಳಿಗೆ 2 ಟಿಬಿ ದಾಟುತ್ತದೆ. ಒಂದೇ ಕ್ಷಣದಲ್ಲಿ 100 ಮಂದಿ ಇದ್ದರೆ 12.8 ಎಂಬಿಪಿಎಸ್ ಅಪ್‌ಲೋಡ್ ಬೇಕು. ಸರ್ವರ್ ಬಾಡಿಗೆಗೆ ಪಡೆಯುವಾಗ ಮೆಮೊರಿ, ಡಿಸ್ಕುಗಳ ಜೊತೆಗೆ ತಿಂಗಳ ಡೇಟಾ ಮಿತಿಯನ್ನೂ, ಮಿತಿ ಮೀರಿದರೆ ಹೆಚ್ಚುವರಿ ಹಣ ಬೀಳುತ್ತದೆಯೇ ಎಂಬುದನ್ನೂ ಓದಿ ನೋಡಿ.

ಇಷ್ಟೊಂದು ತಂತ್ರಾಂಶಗಳಿವೆ. ನಾನು ಯಾವುದನ್ನು ಆರಿಸಿಕೊಳ್ಳಲಿ?

ನಿಮ್ಮ ರೇಡಿಯೊ ದಿನವನ್ನು ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿ ಆರಿಸಿ. ಹಾಡುಗಳು ಸರದಿಯಲ್ಲಿ ಸುತ್ತುತ್ತಿರಬೇಕು, ನಡುನಡುವೆ ಜಿಂಗಲ್ (ಕೇಂದ್ರವನ್ನು ಗುರುತಿಸುವ ಪುಟ್ಟ ಧ್ವನಿತುಣುಕು) ಬರಬೇಕು, ಆಗೀಗ ಯಾರಾದರೂ ನೇರವಾಗಿ ಮಾತಾಡಬೇಕು ಎಂದಾದರೆ ಅಜುರಾಕಾಸ್ಟ್. ಹತ್ತಾರು ನಿರೂಪಕರು, ವಾರದ ವೇಳಾಪಟ್ಟಿ, ಗಂಟೆಗೊಂದು ಕಾರ್ಯಕ್ರಮ ಇರುವ ಸಮುದಾಯ ರೇಡಿಯೊ ಮಾದರಿಯಾದರೆ ಲಿಬ್ರೆಟೈಮ್. ಇದು ಏರ್‌ಟೈಮ್ ಎಂಬ ಹಳೆಯ ತಂತ್ರಾಂಶದಿಂದ 2017ರಲ್ಲಿ ಕವಲೊಡೆದು ಬಂದದ್ದು, ಕ್ಯಾಲೆಂಡರೇ ಅದರ ಜೀವಾಳ. ಸ್ಟುಡಿಯೊ ಇದೆ, ಧ್ವನಿ ಕಾರ್ಡುಗಳಿವೆ, ಮಿಕ್ಸರ್ ಮುಂದೆ ಕೂತು ನಡೆಸುವವರಿದ್ದಾರೆ ಎಂದಾದರೆ ರಿವೆಂಡೆಲ್ ನೋಡಿ. ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಕಡತ, ಬರೆಯುವುದರಲ್ಲಿ ಖುಷಿ ಇರುವವರು ನೇರವಾಗಿ ಲಿಕ್ವಿಡ್‌ಸೋಪ್‌ಗೆ ಇಳಿಯಬಹುದು. ಅದು ಕೊಡುವ ಸ್ವಾತಂತ್ರ್ಯ ಬೇರಾವುದೂ ಕೊಡುವುದಿಲ್ಲ.

ಒಬ್ಬರೇ ಶುರು ಮಾಡುತ್ತಿದ್ದರೆ ನನ್ನ ಸಲಹೆ ಅಜುರಾಕಾಸ್ಟ್. ಒಳಗೆ ಕೆಲಸ ಮಾಡುವುದು ಲಿಕ್ವಿಡ್‌ಸೋಪ್ ಮತ್ತು ಐಸ್‌ಕಾಸ್ಟೇ ಆದ್ದರಿಂದ ಮುಂದೆ ಆಳಕ್ಕೆ ಇಳಿಯಬೇಕೆನಿಸಿದರೂ ಕಲಿತದ್ದು ವ್ಯರ್ಥವಾಗುವುದಿಲ್ಲ.

## ಅಳವಡಿಕೆ

ಅಜುರಾಕಾಸ್ಟ್ ಹಾಕಲು ಲಿನಕ್ಸ್ ಎಷ್ಟು ಗೊತ್ತಿರಬೇಕು?

ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದೂರಸಂಪರ್ಕದ ಮೂಲಕ ಸರ್ವರಿಗೆ ಪ್ರವೇಶಿಸುವುದು, ಒಂದು ಕಡತಕೋಶ ಮಾಡುವುದು, ಆಜ್ಞೆ ಅಂಟಿಸಿ ಅದು ಏನು ಹೇಳುತ್ತದೆಂದು ಓದುವುದು, ಇಷ್ಟು ಬಂದರೆ ಸಾಕು. ಅಜುರಾಕಾಸ್ಟ್ ನಡೆಯುವುದು ಡಾಕರ್ ಮೇಲೆ, ಅಂದರೆ ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ವ್ಯವಸ್ಥೆಯ ಮೇಲೆ. ಅವರದೇ ಅಳವಡಿಕೆ ಸ್ಕ್ರಿಪ್ಟ್ ಡಾಕರನ್ನೂ ತಂದು ಹಾಕಿ, ಒಂದೆರಡು ಪ್ರಶ್ನೆ ಕೇಳಿ, ಉಳಿದದ್ದನ್ನು ತಾನೇ ಮಾಡುತ್ತದೆ. ಹೊಸದಾಗಿ ಪಡೆದ, ಬೇರೇನೂ ಇಲ್ಲದ ಸರ್ವರಿನಲ್ಲೇ ಹಾಕಿ. ಈಗಾಗಲೇ ಜಾಲತಾಣ ನಡೆಯುತ್ತಿರುವ ಯಂತ್ರದಲ್ಲಿ 80 ಮತ್ತು 443ನೇ ಪೋರ್ಟ್‌ಗಳಿಗೆ (ವೆಬ್ ಸಂಪರ್ಕಗಳು ಒಳಬರುವ, ಸಂಖ್ಯೆ ಹೊತ್ತ ಬಾಗಿಲುಗಳಿಗೆ) ಇಬ್ಬರು ಹಕ್ಕುದಾರರಾಗಿ ಜಗಳ ಶುರುವಾಗುತ್ತದೆ.

ಎಲ್ಲ ಹಾಕಿದ್ದಾಯಿತು, ನನಗೆ ಕೇಳಿಸುತ್ತದೆ, ಹೊರಗಿನವರಿಗೆ ಕೇಳಿಸುವುದಿಲ್ಲ. ಏಕೆ?

ಬಹುಮಟ್ಟಿಗೆ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಗೋಡೆ. ಐಸ್‌ಕಾಸ್ಟ್ ವಾಡಿಕೆಯಂತೆ 8000ನೇ ಪೋರ್ಟಿನಲ್ಲಿ ಕೂರುತ್ತದೆ. ಸರ್ವರಿನೊಳಗಿನ ಫೈರ್‌ವಾಲ್ ತೆರೆದಿದ್ದರೂ ಬಾಡಿಗೆ ಕೊಟ್ಟವರ ನಿಯಂತ್ರಣ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇರಬಹುದು, ಎರಡನ್ನೂ ನೋಡಿ. ಅಜುರಾಕಾಸ್ಟ್‌ನಲ್ಲಿ ಮೊದಲ ಕೇಂದ್ರಕ್ಕೆ 8000, ನೇರಪ್ರಸಾರದವರು ಬಂದು ಸೇರಲು 8005, ಎರಡನೆಯ ಕೇಂದ್ರಕ್ಕೆ 8010, ಹೀಗೆ ಸಾಗುತ್ತದೆ. ಕೆಲವು ಕಚೇರಿಗಳ ಜಾಲದಲ್ಲಿ 8000ದಂಥ ಪೋರ್ಟ್‌ಗಳಿಗೇ ತಡೆ ಇರುತ್ತದೆ. ಅಂಥ ಕೇಳುಗರಿಗಾಗಿ ಧಾರೆಯನ್ನು ಮಾಮೂಲಿ ವೆಬ್ ಪೋರ್ಟಿನ ಮೂಲಕವೇ ಕಳುಹಿಸುವ ಆಯ್ಕೆ ಅಜುರಾಕಾಸ್ಟ್‌ನಲ್ಲಿದೆ. ಅದನ್ನು ಆರಂಭದಲ್ಲೇ ಆನ್ ಮಾಡಿಡಿ.

ಎಂಪಿ3 ಹಳೆಯದಾಯಿತು, ಆಪಸ್ ಒಳ್ಳೆಯದು ಎನ್ನುತ್ತಾರೆ. ಯಾವುದರಲ್ಲಿ ಪ್ರಸಾರ ಮಾಡಲಿ?

ಎರಡರಲ್ಲೂ. ಆಪಸ್ ಕೂಡ ಎಂಪಿ3ಯಂತೆ ಧ್ವನಿ ಕುಗ್ಗಿಸುವ ಒಂದು ರೂಪ. 2012ರಲ್ಲಿ ಮಾನಕವಾದ ಅದು ಕಡಿಮೆ ಬಿಟ್‌ರೇಟಿನಲ್ಲಿ ಎಂಪಿ3ಗಿಂತ ಸ್ಪಷ್ಟವಾಗಿ ಚೆನ್ನಾಗಿದೆ. ದುರ್ಬಲ ಮೊಬೈಲ್ ಸಂಪರ್ಕದಲ್ಲಿ 64 ಕೆಬಿಪಿಎಸ್ ಆಪಸ್ ಕೇಳಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಮೇಜಿನ ಮೇಲಿನ ಹಳೆಯ ಅಂತರ್ಜಾಲ ರೇಡಿಯೊ ಪೆಟ್ಟಿಗೆಯಾಗಲಿ, ಹಳೆಯ ಫೋನಾಗಲಿ, ಎಲ್ಲವೂ ತಕರಾರಿಲ್ಲದೆ ನುಡಿಸುವುದು ಎಂಪಿ3ಯನ್ನೇ. ಅದರ ಪೇಟೆಂಟ್ ಪರವಾನಗಿಯ ಗೊಡವೆಯೂ 2017ಕ್ಕೆ ಮುಗಿದಿದೆ. ಆದ್ದರಿಂದ 128 ಕೆಬಿಪಿಎಸ್ ಎಂಪಿ3 ಮುಖ್ಯ ಧಾರೆ, 64ರ ಆಪಸ್ ಉಳಿತಾಯದ ಧಾರೆ. ಇಷ್ಟರಲ್ಲಿ ನಿಲ್ಲಿಸಿ, ಏಕೆಂದರೆ ಒಂದೊಂದು ಧಾರೆಯೂ ಒಂದೊಂದು ಎನ್‌ಕೋಡರ್ ಓಡಿಸುತ್ತದೆ.

ನಮ್ಮದು ಪುಟ್ಟ ರೇಡಿಯೊ. ಪಾಸ್‌ವರ್ಡ್ ಬದಲಿಸಲೇಬೇಕೇ?

ಬದಲಿಸಲೇಬೇಕು, ಪ್ರಸಾರಕ್ಕೆ ಮೊದಲೇ. ಐಸ್‌ಕಾಸ್ಟ್‌ನ ಮಾದರಿ ಸಂರಚನಾ ಕಡತದಲ್ಲಿ ಬರುವ ಪಾಸ್‌ವರ್ಡ್ 'ಹ್ಯಾಕ್‌ಮಿ'. ಇದು ಜಗತ್ತಿಗೇ ಗೊತ್ತು. ಮೂಲದ, ಅಂದರೆ ಐಸ್‌ಕಾಸ್ಟ್‌ಗೆ ಧ್ವನಿ ಕಳುಹಿಸುವ ಕಡೆಯ, ಪಾಸ್‌ವರ್ಡ್ ತಿಳಿದವರು ಯಾರೇ ಆಗಲಿ ನಿಮ್ಮ ಹೆಸರಿನಲ್ಲಿ ಏನು ಬೇಕಾದರೂ ಪ್ರಸಾರ ಮಾಡಬಹುದು. ಮೂಲ, ರಿಲೇ (ಇನ್ನೊಂದು ಸರ್ವರ್ ಧಾರೆಯನ್ನು ಪಡೆದು ಹಂಚುವುದು), ಆಡಳಿತ ಮೂರಕ್ಕೂ ಬೇರೆಬೇರೆ ಪಾಸ್‌ವರ್ಡ್ ಇಡಿ.

## ಹಾಡುಗಳ ಸಂಗ್ರಹ

ಎಷ್ಟು ಹಾಡುಗಳಿದ್ದರೆ ಶುರು ಮಾಡಬಹುದು?

ನಾಲ್ಕು ನಿಮಿಷದ 200 ಹಾಡುಗಳೆಂದರೆ 13 ಗಂಟೆ 20 ನಿಮಿಷ. ಅಂದರೆ ಪ್ರತಿ ಹಾಡೂ ದಿನಕ್ಕೆ ಸುಮಾರು ಎರಡು ಸಲ ಬರುತ್ತದೆ. ದಿನವೂ ಒಂದೇ ಹೊತ್ತಿಗೆ ಕೇಳುವವರಿಗೆ ಇದು ಬೇಗ ಅರಿವಾಗುತ್ತದೆ. 1000 ಹಾಡಿದ್ದರೆ 66 ಗಂಟೆಗೂ ಹೆಚ್ಚು. ಅಷ್ಟು ಇಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಮಾತು, ಸಂದರ್ಶನ, ಓದು, ಹಾಡಿನ ಹಿನ್ನೆಲೆ ಇವೆಲ್ಲ ಸೇರಿದರೆ 300 ಹಾಡುಗಳಲ್ಲೂ ರೇಡಿಯೊ ತುಂಬಿಕೊಂಡಿರುತ್ತದೆ. ಒಬ್ಬರೇ ಗಾಯಕರ ಹಾಡುಗಳು ಒಂದರ ಹಿಂದೆ ಒಂದು ಬರದಂತೆ ತಡೆಯುವ ಆಯ್ಕೆ ಅಜುರಾಕಾಸ್ಟ್‌ನಲ್ಲಿದೆ. ಆದರೆ ಅದು ಕೆಲಸ ಮಾಡುವುದು ಕಡತಗಳ ಟ್ಯಾಗ್ (ಕಡತದೊಳಗೆ ಬರೆದಿರುವ ಹಾಡಿನ, ಗಾಯಕರ ಹೆಸರು ಇತ್ಯಾದಿ) ನೋಡಿ. ಒಬ್ಬರ ಹೆಸರೇ ಮೂರು ಕಡೆ ಮೂರು ಕಾಗುಣಿತದಲ್ಲಿದ್ದರೆ ತಂತ್ರಾಂಶಕ್ಕೆ ಅವರು ಮೂವರು. ಒಂದು ವಾರ ಕೂತು ಟ್ಯಾಗ್ ತಿದ್ದಿ. ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ದುಡಿಮೆ ನನಗೆ ಕಂಡಿಲ್ಲ.

ಒಂದು ಹಾಡು ಪಿಸುಗುಡುತ್ತದೆ, ಮುಂದಿನದು ಕಿರುಚುತ್ತದೆ. ಸರಿಪಡಿಸುವುದು ಹೇಗೆ?

ಕಡತದ ಅತಿ ಎತ್ತರದ ಶಿಖರವನ್ನು ಅಳೆದರೆ ಪ್ರಯೋಜನವಿಲ್ಲ; ಕಿವಿಗೆ ಅನಿಸುವ ಗಟ್ಟಿತನವನ್ನು ಅಳೆಯಬೇಕು. ಅದರ ಮಾನ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಹೊರತಂದ ಆರ್128 ಶಿಫಾರಸು ಟಿವಿ, ರೇಡಿಯೊಗಳಿಗೆ ಮೈನಸ್ 23 ಎಂದು ಗುರುತಿಸಿತು. ಫೋನಿನಲ್ಲಿ, ಗದ್ದಲದ ನಡುವೆ ಕೇಳುವ ಅಂತರ್ಜಾಲ ಧಾರೆಗೆ ಅದು ಮೆದುವಾಯಿತು. ಮೈನಸ್ 16ರ ಆಸುಪಾಸು ಹಿತವಾಗಿರುತ್ತದೆ.

ಮಾಡುವ ದಾರಿ ಎರಡು. ರಿಪ್ಲೇಗೇನ್ ಬಳಸಿದರೆ ಕಡತದ ಧ್ವನಿಯನ್ನು ಮುಟ್ಟದೆ, ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬ ಸಂಖ್ಯೆಯನ್ನಷ್ಟೇ ಟ್ಯಾಗಿನಲ್ಲಿ ಬರೆದಿಡಲಾಗುತ್ತದೆ. ನುಡಿಸುವಾಗ ಲಿಕ್ವಿಡ್‌ಸೋಪ್ ಅದನ್ನು ಪಾಲಿಸುವಂತೆ ಮಾಡಬಹುದು. ನನ್ನ ಒಲವು ಇದರತ್ತಲೇ, ಏಕೆಂದರೆ ಮೂಲ ಕಡತ ಹಾಗೇ ಉಳಿಯುತ್ತದೆ. ಇನ್ನೊಂದು, ಹೊರಹೋಗುವ ಧಾರೆಗೇ, ಜೋರು ಮತ್ತು ಮೆಲುದನಿಗಳ ಅಂತರ ತಗ್ಗಿಸುವ ಕಂಪ್ರೆಸರ್ ಹಾಕುವುದು. ಮಾತಿನ ಕಾರ್ಯಕ್ರಮಕ್ಕೆ ಅದು ಒಗ್ಗುತ್ತದೆ. ಆಲಾಪದಂಥ ಸಂಗೀತಕ್ಕೆ ಜೋರಾಗಿ ಹಾಕಿದರೆ ಏರಿಳಿತಗಳೆಲ್ಲ ಚಪ್ಪಟೆಯಾಗಿ, ಹಾಡಿದವರು ಎಚ್ಚರದಿಂದ ಕಟ್ಟಿದ್ದೇ ಕಳೆದುಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಡಿನ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಪ್ಲೇಯರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಏನು ಮಾಡಲಿ?

ಎರಡು ಜಾಗ ನೋಡಿ. ಕಡತದ ಐಡಿ3 ಟ್ಯಾಗ್ ಯುನಿಕೋಡಿನಲ್ಲಿ ಇರಬೇಕು. ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದಿದ್ದರೆ ಮೊದಲು ಪರಿವರ್ತಿಸಿ. ಅದು ಸರಿಯಿದ್ದೂ ಕೆಟ್ಟರೆ ಐಸ್‌ಕಾಸ್ಟ್ ಕಡೆ ತಿರುಗಿ. ಎಂಪಿ3 ಧಾರೆಯ ಹೆಸರುಗಳನ್ನು ಅದು ಬೇರೆ ಹೇಳದಿದ್ದರೆ ಲ್ಯಾಟಿನ್ ಲಿಪಿಯ ಐಎಸ್‌ಒ 8859-1 ಎಂದೇ ಭಾವಿಸುತ್ತದೆ. ಆ ಮೌಂಟ್‌ನ (ಐಸ್‌ಕಾಸ್ಟ್‌ನಲ್ಲಿ ಒಂದು ಧಾರೆ ಸಿಗುವ ವಿಳಾಸ) ಸಂರಚನೆಯಲ್ಲಿ ಅಕ್ಷರ ಸಂಕೇತ ಯುನಿಕೋಡಿನ ಯುಟಿಎಫ್-8 ಎಂದು ಬರೆದು ಐಸ್‌ಕಾಸ್ಟ್ ಮತ್ತೆ ಶುರು ಮಾಡಿ. ಇದಾದ ಮೇಲೂ ಕೆಲವು ಹಳೆಯ ಪೆಟ್ಟಿಗೆಗಳು ಕನ್ನಡ ತೋರಿಸುವುದಿಲ್ಲ. ಅವುಗಳಲ್ಲಿ ಕನ್ನಡದ ಫಾಂಟೇ ಇರುವುದಿಲ್ಲ. ಅದಕ್ಕಾಗಿ ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ಬದಲಿಸಬೇಡಿ.

ತಂತ್ರಾಂಶವೇ ಉಚಿತ ಎಂದ ಮೇಲೆ ಹಾಡುಗಳನ್ನೂ ಹಾಗೇ ಹಾಕಬಹುದಲ್ಲವೇ?

ಹಾಕಬಾರದು. ತಂತ್ರಾಂಶದ ಪರವಾನಗಿ ತಂತ್ರಾಂಶಕ್ಕಷ್ಟೇ. ಒಂದು ಹಾಡಿನಲ್ಲಿ ಕನಿಷ್ಠ ಎರಡು ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಹಳೆಯ ರಚನೆಯ ಹಕ್ಕು ಮುಗಿದಿದ್ದರೂ ಅದನ್ನು ಈಚೆಗೆ ಹಾಡಿ ಮುದ್ರಿಸಿದವರ ಹಕ್ಕು ಜೀವಂತವಾಗಿರುತ್ತದೆ. ಹಣ ಕೊಟ್ಟು ಕೊಂಡ ಕಡತವೂ ಸ್ವಂತಕ್ಕೆ ಕೇಳಲು ಮಾತ್ರ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಕೇಳುಗರೋ ಎಲ್ಲ ದೇಶಗಳಲ್ಲೂ ಇರುತ್ತಾರೆ. ಆದ್ದರಿಂದ ನಿಮ್ಮ ದೇಶದ ಹಕ್ಕುಸ್ವಾಮ್ಯ ಸಂಘಗಳಿಂದ ಅಂತರ್ಜಾಲ ಪ್ರಸಾರಕ್ಕೆಂದೇ ಪರವಾನಗಿ ಕೇಳಿ ಪಡೆಯಿರಿ.

ಅದು ಕೈಗೆಟುಕದಿದ್ದರೆ ಕಲಾವಿದರಿಂದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಕ್ರಿಯೇಟಿವ್ ಕಾಮನ್ಸ್ ಹಾಡುಗಳನ್ನು ಹುಡುಕಿ. ಅವುಗಳಲ್ಲೂ ಷರತ್ತು ಓದಬೇಕು: ಹೆಸರು ಹೇಳಲೇಬೇಕೆಂಬುದು ಹೆಚ್ಚುಕಡಿಮೆ ಎಲ್ಲದರಲ್ಲಿದೆ, ಕೆಲವು ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲ, ಜಾಹೀರಾತು ಹಾಕಿದ ದಿನ ಅವು ನಿಮಗೆ ಮುಚ್ಚಿದ ಬಾಗಿಲು. ಯಾವ ಹಾಡು ಯಾವ ಒಪ್ಪಿಗೆಯ ಮೇಲೆ ಬಂತು ಎಂಬ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಿ.

## ಸರದಿ, ಸಮಯ, ನೇರಪ್ರಸಾರ

ಬೆಳಗ್ಗೆ ಒಂದು ಬಗೆ, ರಾತ್ರಿ ಇನ್ನೊಂದು ಬಗೆ ಬರಬೇಕು. ನಡುವೆ ಜಿಂಗಲ್ ಬರಬೇಕು. ಹೇಗೆ ಜೋಡಿಸಲಿ?

ಮೊದಲು ಇಪ್ಪತ್ತನಾಲ್ಕು ಗಂಟೆಯೂ ನಡೆಯಬಲ್ಲ ಒಂದು ಸಾಮಾನ್ಯ ಪ್ಲೇಲಿಸ್ಟ್ ಮಾಡಿ. ಅದಕ್ಕೆ ವೇಳೆ ಹಾಕಬೇಡಿ, ಅದು ನೆಲ. ಅದರ ಮೇಲೆ ಬೆಳಗಿನದು, ರಾತ್ರಿಯದು ಎಂದು ವೇಳೆಗೆ ಕಟ್ಟಿದ ಪ್ಲೇಲಿಸ್ಟ್‌ಗಳು ಬರಲಿ. ಎಲ್ಲ ಪ್ಲೇಲಿಸ್ಟ್‌ಗಳಿಗೂ ವೇಳೆ ಹಾಕಿ, ಎರಡರ ನಡುವೆ ಹತ್ತು ನಿಮಿಷ ಖಾಲಿ ಬಿಟ್ಟವರ ರೇಡಿಯೊ ಆ ಹತ್ತು ನಿಮಿಷ ನಿಂತುಹೋಗುತ್ತದೆ. ಜಿಂಗಲ್‌ಗಳನ್ನು ಇಷ್ಟು ಹಾಡಿಗೊಮ್ಮೆ ಎಂಬ ಬಗೆಯ ಪ್ಲೇಲಿಸ್ಟಿನಲ್ಲಿಡಿ. ನಾಲ್ಕು ಹಾಡಿಗೊಂದು ಸಾಕು. ಕ್ರಾಸ್‌ಫೇಡ್, ಅಂದರೆ ಒಂದು ಹಾಡು ಇಳಿಯುತ್ತ ಮುಂದಿನದು ಏರುವ ಬೆಸುಗೆ, ಎರಡು ಮೂರು ಸೆಕೆಂಡು ಇರಲಿ. ಮಾತಿನ ಕಾರ್ಯಕ್ರಮಗಳಿಗೆ ಅದು ಬೇಡ, ಕೊನೆಯ ವಾಕ್ಯವನ್ನು ಹಾಡು ನುಂಗಿಬಿಡುತ್ತದೆ.

ಬೆಳಗಿನ 6ರ ಕಾರ್ಯಕ್ರಮ 9ಕ್ಕೆ ಬರುತ್ತಿದೆ. ಎಲ್ಲಿ ತಪ್ಪಿದೆ?

ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ನಿಮ್ಮ ಊರು ಅದಕ್ಕಿಂತ ಮೂರು ಗಂಟೆ ಮುಂದಿದೆ. ಕೇಂದ್ರದ ಸಮಯ ವಲಯವನ್ನು ಅದರ ಸೆಟ್ಟಿಂಗಿನಲ್ಲಿ ಬದಲಿಸಿ. ಬರೀ ಲಿಕ್ವಿಡ್‌ಸೋಪ್ ಬಳಸುವವರು ಯಂತ್ರದ ಸಮಯ ವಲಯವನ್ನೇ ಹೊಂದಿಸಿ, ತಂತ್ರಾಂಶವನ್ನು ಮತ್ತೆ ಶುರು ಮಾಡಬೇಕು.

ನೇರಪ್ರಸಾರಕ್ಕೆ ಏನು ಬಳಸಲಿ? ಮಾತಾಡುತ್ತಿರುವಾಗ ಸಂಪರ್ಕ ಕಡಿದರೆ?

ಬರೀ ಮಾತಾದರೆ ಬಟ್ ಎಂಬ ಪುಟ್ಟ ತಂತ್ರಾಂಶ ಸಾಕು. ಮಾತಿನ ಜೊತೆ ಹಾಡುಗಳನ್ನೂ ಬೆಸೆಯುವವರಿಗೆ ಮಿಕ್ಸ್ (Mixxx) ಎಂಬುದಿದೆ. ಎರಡೂ ಮುಕ್ತ ತಂತ್ರಾಂಶಗಳು. ನಿರೂಪಕರು ನೇರವಾಗಿ ಐಸ್‌ಕಾಸ್ಟ್‌ಗೆ ಸೇರಬಾರದು, ಲಿಕ್ವಿಡ್‌ಸೋಪ್‌ಗೆ ಸೇರಬೇಕು. ಆಗ ಅವರು ಬಂದೊಡನೆ ಸ್ವಯಂಚಾಲಿತ ಸರದಿ ಹಿಂದೆ ಸರಿಯುತ್ತದೆ, ಸಂಪರ್ಕ ಕಡಿದರೆ ತಾನೇ ಮುಂದೆ ಬರುತ್ತದೆ, ಕೇಳುಗರ ಸಂಪರ್ಕ ಮಾತ್ರ ಕಡಿಯುವುದಿಲ್ಲ. ಸ್ವಂತ ಸ್ಕ್ರಿಪ್ಟಿನಲ್ಲಾದರೆ ಫಾಲ್‌ಬ್ಯಾಕ್ ಪಟ್ಟಿಯಲ್ಲಿ (ಒಂದು ಮೂಲ ಕೈಕೊಟ್ಟರೆ ಮುಂದಿನದು ಬರುವ ಸಾಲಿನಲ್ಲಿ) ನೇರಪ್ರಸಾರವನ್ನು ಮೊದಲು, ಪ್ಲೇಲಿಸ್ಟನ್ನು ಆಮೇಲೆ ಇಡಿ, ಮತ್ತು ಹಾಡಿನ ಕೊನೆಗಾಗಿ ಕಾಯುವ ಗುಣವನ್ನು ಆಫ್ ಮಾಡಿ. ಇಲ್ಲದಿದ್ದರೆ ನಿರೂಪಕರ ಮೊದಲ ಮೂರು ನಿಮಿಷ ಯಾರಿಗೂ ಕೇಳಿಸದೆ ಹೋಗುತ್ತದೆ. ನಿರೂಪಕರಿಗೆ ಒಬ್ಬೊಬ್ಬರಿಗೂ ಬೇರೆ ಖಾತೆ ಕೊಡಿ.

ನಾನು ಮಾತಾಡಿ ಅರ್ಧ ನಿಮಿಷದ ಮೇಲೆ ಕೇಳಿಸುತ್ತದೆ. ಇದು ದೋಷವೇ?

ದೋಷವಲ್ಲ. ಎನ್‌ಕೋಡರಿನಲ್ಲಿ, ಸರ್ವರಿನಲ್ಲಿ, ಪ್ಲೇಯರಿನಲ್ಲಿ ಒಂದಿಷ್ಟು ಧ್ವನಿ ಶೇಖರವಾಗುತ್ತಲೇ ಇರುತ್ತದೆ. ಕೇಳುಗರು ಸೇರಿದೊಡನೆ ಕಾಯದೆ ಕೇಳಿಸಲಿ ಎಂದು ಐಸ್‌ಕಾಸ್ಟ್ ಸುಮಾರು 64 ಕಿಲೋಬೈಟ್ ಹಳೆಯ ಧ್ವನಿಯನ್ನು ಒಮ್ಮೆಲೇ ಕಳುಹಿಸುತ್ತದೆ. 128 ಕೆಬಿಪಿಎಸ್ ಲೆಕ್ಕದಲ್ಲಿ ಅದೇ ನಾಲ್ಕು ಸೆಕೆಂಡು. ಅದನ್ನು ಕಡಿಮೆ ಮಾಡಿದರೆ ದುರ್ಬಲ ಸಂಪರ್ಕದವರಿಗೆ ಧ್ವನಿ ತಡೆದು ತಡೆದು ಬರುತ್ತದೆ. ಹಾಗೇ ಬಿಡಿ, ಫೋನ್ ಕರೆ ತೆಗೆದುಕೊಳ್ಳುವಾಗ ಕರೆ ಮಾಡಿದವರಿಗೆ ರೇಡಿಯೊ ಸದ್ದು ನಿಲ್ಲಿಸಲು ಹೇಳಿ.

## ಆಳಕ್ಕೆ ಇಳಿದವರಿಗೆ

ಲಿಕ್ವಿಡ್‌ಸೋಪ್ ನನ್ನ ಸ್ಕ್ರಿಪ್ಟನ್ನು ಓಡಿಸಲು ಒಪ್ಪುವುದೇ ಇಲ್ಲ. ಈ ಮೂಲ ಕೈಕೊಡಬಹುದು ಎಂಬರ್ಥದ ದೂರು ಹೇಳುತ್ತದೆ. ಏನಿದು?

ಲಿಕ್ವಿಡ್‌ಸೋಪ್‌ನ ಅತ್ಯುತ್ತಮ ಗುಣವೇ ಇದು. ಪ್ಲೇಲಿಸ್ಟ್ ಖಾಲಿಯಾಗಬಹುದು, ಕಡತ ಹಾಳಾಗಿರಬಹುದು, ನೇರಪ್ರಸಾರ ಕಡಿಯಬಹುದು. ಹೀಗೆ ಎಂದಾದರೂ ಬರಿದಾಗಬಲ್ಲ ಮೂಲವನ್ನು ನೇರವಾಗಿ ಪ್ರಸಾರಕ್ಕೆ ಕಟ್ಟಲು ಹೋದರೆ ಅದು ಆರಂಭದಲ್ಲೇ ತಡೆಯುತ್ತದೆ. ಬಹಳ ಮಂದಿ ಹುಡುಕಿ ಎಂಕೆಸೇಫ್ ಎಂಬ ಸುತ್ತುಕಟ್ಟನ್ನು ಹಾಕಿ ದೂರನ್ನು ಅಡಗಿಸುತ್ತಾರೆ. ಸ್ಕ್ರಿಪ್ಟ್ ಓಡುತ್ತದೆ ನಿಜ, ಆದರೆ ಎಂಕೆಸೇಫ್ ಮಾಡುವುದೇನು? ಮೂಲ ಬರಿದಾದಾಗ ನಿಶ್ಶಬ್ದವನ್ನು ಪ್ರಸಾರ ಮಾಡುತ್ತದೆ. ಎಲ್ಲ ಅಳತೆಗಳ ಪ್ರಕಾರ ರೇಡಿಯೊ ನಡೆಯುತ್ತಿರುತ್ತದೆ, ಕೇಳುಗರಿಗೆ ಮಾತ್ರ ಏನೂ ಕೇಳಿಸುವುದಿಲ್ಲ.

ಸರಿಯಾದ ದಾರಿ, ಅದೇ ಯಂತ್ರದ ಡಿಸ್ಕಿನಲ್ಲಿ ಒಂದು ಆಪತ್ಕಾಲದ ಕಡತ ಇಡುವುದು. ಗಂಟೆಯಷ್ಟು ಉದ್ದದ ವಾದ್ಯಸಂಗೀತ, ನಡುನಡುವೆ ಕೇಂದ್ರದ ಹೆಸರು. ಅದನ್ನು ಒಂಟಿ ಕಡತದ ಮೂಲವಾಗಿ ಫಾಲ್‌ಬ್ಯಾಕ್ ಪಟ್ಟಿಯ ಕಟ್ಟಕಡೆಗೆ ಇಡಿ. ಆರಂಭದಲ್ಲೇ ಆ ಕಡತವನ್ನು ಪರೀಕ್ಷಿಸಿಕೊಂಡ ಲಿಕ್ವಿಡ್‌ಸೋಪ್ ಇನ್ನು ದೂರುವುದಿಲ್ಲ. ಅಜುರಾಕಾಸ್ಟ್‌ನಲ್ಲೂ ಇಂಥ ಸ್ವಂತ ಫಾಲ್‌ಬ್ಯಾಕ್ ಕಡತ ಏರಿಸುವ ಜಾಗವಿದೆ.

ಲಿಕ್ವಿಡ್‌ಸೋಪೇ ಬಿದ್ದುಹೋದರೆ?

ಆಗ ಐಸ್‌ಕಾಸ್ಟ್‌ನ ಫಾಲ್‌ಬ್ಯಾಕ್ ಮೌಂಟ್ ಕಾಪಾಡುತ್ತದೆ. ಮುಖ್ಯ ಮೌಂಟ್‌ಗೆ ಮೂಲ ಇಲ್ಲವಾದಾಗ ಕೇಳುಗರನ್ನು ಹೊರದಬ್ಬದೆ ಇನ್ನೊಂದು ಮೌಂಟ್‌ಗೋ ಕಡತಕ್ಕೋ ವರ್ಗಾಯಿಸುತ್ತದೆ. ಎರಡು ವಿಷಯ ನೆನಪಿಡಿ. ಆ ಕಡತ ಮುಖ್ಯ ಧಾರೆಯ ರೂಪದಲ್ಲೇ ಇರಬೇಕು: ಎಂಪಿ3ಗೆ ಎಂಪಿ3, ಅದೇ ಬಿಟ್‌ರೇಟ್, ಅದೇ ಸ್ಯಾಂಪಲ್ ರೇಟ್. ಮತ್ತು ಮೂಲ ಮರಳಿ ಬಂದಾಗ ಕೇಳುಗರನ್ನು ವಾಪಸ್ ಕರೆತರುವ ಆಯ್ಕೆಯನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು, ಇಲ್ಲವಾದರೆ ಅವರು ಆಪತ್ಕಾಲದ ಸಂಗೀತದಲ್ಲೇ ಉಳಿಯುತ್ತಾರೆ.

ಜಾಲತಾಣದಲ್ಲಿ ಪ್ಲೇಯರ್ ಇಟ್ಟರೆ ಹಾಡುವುದಿಲ್ಲ, ಅದೇ ವಿಳಾಸ ವಿಎಲ್‌ಸಿಯಲ್ಲಿ ಹಾಡುತ್ತದೆ. ಏಕೆ?

ಪುಟ ಸುರಕ್ಷಿತವಾದ ಎಚ್‌ಟಿಟಿಪಿಎಸ್‌ನಲ್ಲಿದೆ, ಧಾರೆ ಸುರಕ್ಷೆಯಿಲ್ಲದ ಎಚ್‌ಟಿಟಿಪಿಯಲ್ಲಿದೆ; ಬ್ರೌಸರ್ ಈ ಬೆರಕೆಯನ್ನು ತಡೆಯುತ್ತದೆ. ಐಸ್‌ಕಾಸ್ಟ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶವನ್ನು ಇರಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಹಾಕಿ, ಧಾರೆಯನ್ನು ಅದರ ಮೂಲಕ ಹಾಯಿಸಿ. ಎಂಜಿನ್‌ಎಕ್ಸ್‌ನ ಬಫರಿಂಗ್ ಆಫ್ ಮಾಡಿ. ಹೀಗೆ ಮಾಡಿದ ಮೇಲೆ ಐಸ್‌ಕಾಸ್ಟ್‌ನ ದಾಖಲೆಯಲ್ಲಿ ಎಲ್ಲ ಕೇಳುಗರೂ ಒಂದೇ ಐಪಿಯಿಂದ ಬಂದಂತೆ ಕಾಣಬಹುದು, ಗಾಬರಿ ಬೇಡ. ನಿಜವಾದ ವಿಳಾಸಗಳು ಎಂಜಿನ್‌ಎಕ್ಸ್‌ನ ದಾಖಲೆಯಲ್ಲಿರುತ್ತವೆ.

ನೂರು ಜನರಾದ ಮೇಲೆ ಹೊಸಬರು ಸೇರಲಾಗುತ್ತಿಲ್ಲ. ಸರ್ವರ್ ಸಾಲದೇ?

ಐಸ್‌ಕಾಸ್ಟ್‌ನ ಮಾದರಿ ಸಂರಚನೆಯಲ್ಲಿ ಗ್ರಾಹಕರ ಮಿತಿ 100 ಎಂದೇ ಇದೆ. ಆ ಸಂಖ್ಯೆ ಏರಿಸಿ. ಪ್ರೊಸೆಸರ್ ಸೋಲುವ ಮೊದಲು ಬ್ಯಾಂಡ್‌ವಿಡ್ತ್ ಮುಗಿಯುತ್ತದೆ. ಅದು ಮುಗಿದಾಗ ಇನ್ನೊಂದು ಸರ್ವರಿನಲ್ಲಿ ಐಸ್‌ಕಾಸ್ಟ್ ಹಾಕಿ ರಿಲೇ ಮಾಡಿ: ಅದು ಮೂಲದಿಂದ ಒಂದೇ ಧಾರೆ ಪಡೆದು ತನ್ನ ಕೇಳುಗರಿಗೆ ಹಂಚುತ್ತದೆ.

ನವೀಕರಣ ಬಂದಾಗಲೆಲ್ಲ ಹಾಕಬೇಕೇ?

ಭದ್ರತೆಯದ್ದಾದರೆ ತಡ ಮಾಡದೆ. ಉಳಿದವನ್ನು ಬದಲಾವಣೆಗಳ ಪಟ್ಟಿ ಓದಿ, ಬ್ಯಾಕಪ್ ತೆಗೆದು, ಕೇಳುಗರು ಕಡಿಮೆ ಇರುವ ಹೊತ್ತಿನಲ್ಲಿ ಹಾಕಿ. ಬ್ಯಾಕಪ್ ಅದೇ ಸರ್ವರಿನಲ್ಲಿ ಉಳಿಯಬಾರದು. ಅದನ್ನು ಇನ್ನೊಂದು ಯಂತ್ರದಲ್ಲಿ ಒಮ್ಮೆ ಮರುಸ್ಥಾಪಿಸಿ ನೋಡಿ.

ನಾನು ಮಲಗಿದ್ದಾಗ ರೇಡಿಯೊ ನಿಂತರೆ ತಿಳಿಯುವುದು ಹೇಗೆ?

ಸರ್ವರ್ ಜೀವಂತವಾಗಿದೆಯೇ ಎಂದು ನೋಡುವ ಸೇವೆಗಳು ಸಾಲವು. ಮೌಂಟ್ ಇರುತ್ತದೆ, ಧ್ವನಿ ಇರುವುದಿಲ್ಲ. ಆದ್ದರಿಂದ ಎರಡು ಕಾವಲು ಬೇಕು. ಒಳಗಿನದು ಲಿಕ್ವಿಡ್‌ಸೋಪ್‌ನ ನಿಶ್ಶಬ್ದ ಪತ್ತೆ: ಧ್ವನಿ ಮೈನಸ್ 40 ಡೆಸಿಬೆಲ್‌ಗಿಂತ ಕೆಳಗೆ 20 ಸೆಕೆಂಡು ಉಳಿದರೆ ಅದು ಎಚ್ಚರಗೊಳ್ಳುತ್ತದೆ, ಆ ಮೂಲವನ್ನು ಬಿಟ್ಟು ಮುಂದಿನದಕ್ಕೆ ಹೋಗುವಂತೆ ಮಾಡಬಹುದು. ತಂಬೂರಿಯ ಶ್ರುತಿಯಿಂದ ಮೆಲ್ಲಗೆ ಆರಂಭವಾಗುವ ಸಂಗೀತ ಹೆಚ್ಚಿದ್ದರೆ ಮಿತಿಯನ್ನು ಇನ್ನೂ ಕೆಳಗಿಳಿಸಿ, ಇಲ್ಲವೆಂದರೆ ಒಳ್ಳೆಯ ಹಾಡುಗಳನ್ನೇ ಅದು ಹಾರಿಸಿಬಿಡುತ್ತದೆ.

ಹೊರಗಿನ ಕಾವಲು ಬೇರೆ ಯಂತ್ರದಲ್ಲಿರಬೇಕು, ಮನೆಯ ಹಳೆಯ ಲ್ಯಾಪ್‌ಟಾಪ್ ಇದಕ್ಕೆ ಸರಿಯಾಗಿದೆ. ಐದು ನಿಮಿಷಕ್ಕೊಮ್ಮೆ ಕೇಳುಗನಂತೆ ಧಾರೆಗೆ ಸೇರಿ, ಮೂವತ್ತು ಸೆಕೆಂಡು ಪಡೆದು, ಎಫ್‌ಎಫ್‌ಎಂಪೆಗ್ ಎಂಬ ಧ್ವನಿ-ವಿಡಿಯೊ ಸಾಧನದ ನಿಶ್ಶಬ್ದ ಪತ್ತೆಯಿಂದ ಪರೀಕ್ಷಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿ. ಎರಡು ಸಲ ಸತತವಾಗಿ ಸೋತರೆ ಮಾತ್ರ ಫೋನಿಗೆ ಸಂದೇಶ ಬರಲಿ. ಬರೆದಾದ ಮೇಲೆ ಲಿಕ್ವಿಡ್‌ಸೋಪ್ ನಿಲ್ಲಿಸಿ, ಆಪತ್ಕಾಲದ ಸಂಗೀತ ಬಂತೇ ಎಂದು ಕೇಳಿ. ಆಮೇಲೆ ಐಸ್‌ಕಾಸ್ಟನ್ನೂ ನಿಲ್ಲಿಸಿ ಫೋನ್ ನೋಡಿ. ಹತ್ತು ನಿಮಿಷದೊಳಗೆ ಸಂದೇಶ ಬಾರದಿದ್ದರೆ ಸ್ಕ್ರಿಪ್ಟ್ ಇನ್ನೂ ಮುಗಿದಿಲ್ಲ.